ಮಗಳ ಶಾಲೆಗಾಗಿ ನ್ಯಾಯ ಬೇಡಿದ ತಂದೆ: ಆಲಿವರ್ ಬ್ರೌನ್

ಲೋಕದಲ್ಲಿ ವಿದ್ಯೆಗಾಗಿ ದುಡಿದ ಮಹನೀಯರ ಸಾಲು ದೊಡ್ಡದು. ಶಾಲೆಗಳನ್ನು ಕಟ್ಟಿಸಿದವರು, ಪಾಠಕ್ರಮಗಳನ್ನು ರೂಪಿಸಿದವರು, ಜೀವಮಾನದ ಗಳಿಕೆಯನ್ನೆಲ್ಲ ವಿದ್ಯಾದಾನಕ್ಕೆ ಮುಡಿಪಿಟ್ಟವರು ಹೀಗೆ ಅವರಲ್ಲಿ ಹಲವು ಬಗೆಯವರುಂಟು. ಇಂಥವರ ಹೆಸರುಗಳು ಕಟ್ಟಡಗಳ ಮೇಲೂ ಗ್ರಂಥಗಳ ಪುಟಗಳಲ್ಲೂ ಉಳಿಯುವುದು ಸಹಜ. ಆದರೆ ಒಂದು ಶಾಲೆಯನ್ನೂ ಕಟ್ಟದೆ, ಒಂದು ಗ್ರಂಥವನ್ನೂ ಬರೆಯದೆ, ತನ್ನ ಮಗಳನ್ನು ಮನೆಯ ಹತ್ತಿರದ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಕೇಳಿದ ಕಾರಣಕ್ಕಾಗಿಯೇ ಇತಿಹಾಸದಲ್ಲಿ ಸ್ಥಾನ ಪಡೆದವರು ವಿರಳ. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಟೊಪೀಕಾ ನಗರದ ಆಲಿವರ್ ಬ್ರೌನ್ ಅಂಥ ವಿರಳರಲ್ಲಿ ಒಬ್ಬರು. ಅವರ ಹೆಸರನ್ನು ಹೊತ್ತ ಮೊಕದ್ದಮೆಯನ್ನು ಇಂದು ಜಗತ್ತಿನ ನಾನಾ ದೇಶಗಳ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಆದರೆ ಆ ಹೆಸರಿನ ಹಿಂದಿದ್ದ ಮನುಷ್ಯನನ್ನು ಬಲ್ಲವರು ಕಡಿಮೆ.

ಬ್ರೌನ್ ಅವರು ಪಂಡಿತರಲ್ಲ, ವಾಗ್ಮಿಗಳಲ್ಲ, ಜನನಾಯಕರೂ ಅಲ್ಲ. ರೈಲ್ವೆ ಕಾರ್ಖಾನೆಯಲ್ಲಿ ಲೋಹಕ್ಕೆ ಬೆಸುಗೆ ಹಾಕಿ ಸಂಸಾರ ಸಾಗಿಸುತ್ತಿದ್ದ ಶ್ರಮಜೀವಿ. ಅಂಥ ಒಬ್ಬ ಸಾಮಾನ್ಯ ಗೃಹಸ್ಥನು ಎತ್ತಿದ ಪ್ರಶ್ನೆಯೊಂದು ಬಲಾಢ್ಯ ರಾಷ್ಟ್ರವೊಂದರ ಸುಮಾರು ಅರುವತ್ತು ವರ್ಷಗಳ ಹಳೆಯ ನ್ಯಾಯಸೂತ್ರವನ್ನು ಹೇಗೆ ಉರುಳಿಸಿತು ಎಂಬುದು ಶಿಕ್ಷಣದಲ್ಲಿ ಆಸಕ್ತಿಯುಳ್ಳವರೆಲ್ಲರೂ ತಿಳಿಯತಕ್ಕ ಸಂಗತಿಯಾಗಿದೆ.

ಹಿನ್ನೆಲೆ

ಅಮೆರಿಕದಲ್ಲಿ ಗುಲಾಮಗಿರಿಯು 1865ರಲ್ಲಿ ಕಾನೂನಿನ ಮೂಲಕ ಅಂತ್ಯಗೊಂಡಿತು. ಮೂರು ವರ್ಷಗಳ ತರುವಾಯ, 1868ರಲ್ಲಿ, ಸಂವಿಧಾನಕ್ಕೆ ಹದಿನಾಲ್ಕನೆಯ ತಿದ್ದುಪಡಿಯಾಗಿ ಎಲ್ಲ ಪ್ರಜೆಗಳಿಗೂ ಕಾನೂನಿನ ಸಮಾನ ರಕ್ಷಣೆಯ ಭರವಸೆ ದೊರೆಯಿತು. ಆದರೆ ಕಾಗದದ ಮೇಲಿನ ಸಮಾನತೆ ಬದುಕಿಗೆ ಇಳಿಯಲಿಲ್ಲ. 1896ರಲ್ಲಿ ಲೂಸಿಯಾನಾ ರಾಜ್ಯದ ರೈಲುಗಾಡಿಯೊಂದರ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ಸೌಲಭ್ಯಗಳು ಸಮಾನವಾಗಿರುವುದಾದರೆ ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಇರಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಮಾನಿಸಿತು. ಈ ಸೂತ್ರದ ಆಸರೆಯಲ್ಲಿ ಹೋಟೆಲು, ಆಸ್ಪತ್ರೆ, ರೈಲು, ಸ್ಮಶಾನಗಳೆಲ್ಲವೂ ಎರಡಾದವು. ಎಲ್ಲಕ್ಕಿಂತ ಮಿಗಿಲಾಗಿ ಮಕ್ಕಳ ಶಾಲೆಗಳು ಎರಡಾದವು.

ಆ ತೀರ್ಪಿಗೆ ಆಧಾರವಾಗಿ ನ್ಯಾಯಾಧೀಶರು ಸ್ಮರಿಸಿದ ಹಳೆಯ ಪ್ರಕರಣವೊಂದು ಸಹ ತಂದೆಯೊಬ್ಬನ ಅಳಲಿನಿಂದ ಹುಟ್ಟಿದ್ದೇ ಆಗಿತ್ತು. ಬೋಸ್ಟನ್ ನಗರದ ಬೆಂಜಮಿನ್ ರಾಬರ್ಟ್ಸ್ ಎಂಬ ಮುದ್ರಕನ ಮಗಳು ಸಾರಾ ತನಗೆ ಗೊತ್ತುಮಾಡಿದ ಶಾಲೆಗೆ ಹೋಗಬೇಕಾದರೆ ಬಿಳಿಯ ಮಕ್ಕಳ ಐದು ಶಾಲೆಗಳನ್ನು ದಾಟಿ ನಡೆಯಬೇಕಾಗಿತ್ತು. ರಾಬರ್ಟ್ಸ್ ನ್ಯಾಯಾಲಯದ ಮೊರೆಹೊಕ್ಕನು. ಚಾರ್ಲ್ಸ್ ಸಮ್ನರ್ ಎಂಬ ಧೀಮಂತ ವಕೀಲರು 1849ರಲ್ಲಿ ಅವನ ಪರವಾಗಿ ವಾದಿಸಿದರು. ಮರುವರ್ಷ ಹೊರಬಿದ್ದ ತೀರ್ಪಿನಲ್ಲಿ ಸೋಲೇ ದೊರೆಯಿತಾದರೂ ಜನಾಭಿಪ್ರಾಯ ಬಲಗೊಂಡು, 1855ರಲ್ಲಿ ಆ ರಾಜ್ಯದ ಶಾಸನಸಭೆಯೇ ಪ್ರತ್ಯೇಕ ಶಾಲೆಗಳನ್ನು ನಿಷೇಧಿಸಿತು. ಅದೇ ಸಮ್ನರ್ ಅವರ ಹೆಸರನ್ನು ಹೊತ್ತ ಶಾಲೆಯೊಂದು ಒಂದು ಶತಮಾನದ ನಂತರ ಟೊಪೀಕಾದಲ್ಲಿ ಬ್ರೌನ್ ಅವರ ಮಗಳಿಗೆ ಬಾಗಿಲು ಮುಚ್ಚಿದ್ದು ವಿಧಿಯ ವಿಡಂಬನೆಯೆಂದೇ ಹೇಳಬೇಕು.

ಕ್ಯಾನ್ಸಾಸ್ ರಾಜ್ಯವು ದಕ್ಷಿಣದ ರಾಜ್ಯಗಳಂತೆ ಕಟುವಾದ ವರ್ಣಭೇದದ ನಾಡಾಗಿರಲಿಲ್ಲ. ಆದರೂ 1879ರ ಕಾನೂನೊಂದು ಅಲ್ಲಿನ ದೊಡ್ಡ ನಗರಗಳಿಗೆ ಪ್ರಾಥಮಿಕ ಶಾಲೆಗಳನ್ನು ಜನಾಂಗಕ್ಕೆ ತಕ್ಕಂತೆ ಬೇರ್ಪಡಿಸಲು ಅನುಮತಿಯಿತ್ತಿತ್ತು. ಬೇರ್ಪಡಿಸಲೇಬೇಕೆಂಬ ಕಡ್ಡಾಯವಿರಲಿಲ್ಲ, ಬೇರ್ಪಡಿಸಬಹುದೆಂಬ ಸ್ವಾತಂತ್ರ್ಯವಿತ್ತು. ಟೊಪೀಕಾದ ಶಾಲಾ ಮಂಡಳಿಯು ಆ ಸ್ವಾತಂತ್ರ್ಯವನ್ನು ಬಳಸಿಕೊಂಡು ಬಿಳಿಯ ಮಕ್ಕಳಿಗೆ 18 ಪ್ರಾಥಮಿಕ ಶಾಲೆಗಳನ್ನೂ ಕಪ್ಪು ಮಕ್ಕಳಿಗೆ ಕೇವಲ 4 ಶಾಲೆಗಳನ್ನೂ ನಡೆಸುತ್ತಿತ್ತು. ಪ್ರೌಢಶಾಲೆಯಲ್ಲಿ ಮಕ್ಕಳೆಲ್ಲರೂ ಒಂದೇ ಸೂರಿನಡಿ ಓದುತ್ತಿದ್ದರು. ಹದಿನಾಲ್ಕು ಹದಿನೈದರ ಹರೆಯದಲ್ಲಿ ಒಟ್ಟಿಗೆ ಕುಳಿತು ಕಲಿಯಬಲ್ಲವರು ಆರು ಏಳರ ಎಳೆಯ ವಯಸ್ಸಿನಲ್ಲಿ ಏಕೆ ಕಲಿಯಬಾರದು ಎಂಬ ಪ್ರಶ್ನೆಗೆ ಮಂಡಳಿಯ ಬಳಿ ಸಮರ್ಪಕವಾದ ಉತ್ತರವಿರಲಿಲ್ಲ. ಕ್ಯಾನ್ಸಾಸಿನ ತಂದೆತಾಯಿಗಳು ಈ ಪ್ರಶ್ನೆಯನ್ನು ಕೇಳದೆ ಸುಮ್ಮನೆ ಕುಳಿತವರೂ ಅಲ್ಲ. 1881ರಿಂದ 1949ರವರೆಗೆ ಆ ರಾಜ್ಯದ ಉಚ್ಚ ಪೀಠದ ಮುಂದೆ ಇಂಥ 11 ಪ್ರಕರಣಗಳು ಬಂದಿದ್ದವು.

ಬಾಳಿನ ದಾರಿ

ಆಲಿವರ್ ಲಿಯೊನ್ ಬ್ರೌನ್ ಅವರು ಜನಿಸಿದ್ದು 1918ರಲ್ಲಿ. ಟೊಪೀಕಾ ನಗರದಲ್ಲಿ ಸಾಂಟಾ ಫೆ ರೈಲ್ವೆ ಕಂಪನಿಯ ದೊಡ್ಡ ಕಾರ್ಖಾನೆಯಿತ್ತು. ಅಲ್ಲಿ ಅವರು ವೆಲ್ಡರ್ ಆಗಿ ದುಡಿಯುತ್ತಿದ್ದರು. ಕಾರ್ಮಿಕ ಸಂಘದ ಸದಸ್ಯರೂ ಆಗಿದ್ದರು. ದೈವಭಕ್ತರಾದ ಅವರು ಬಿಡುವಿನ ವೇಳೆಯಲ್ಲಿ ತಮ್ಮ ಪಂಗಡದ ಚರ್ಚಿನಲ್ಲಿ ಸಹಾಯಕ ಪಾದ್ರಿಯಾಗಿ ಸೇವೆ ಸಲ್ಲಿಸುತ್ತಿದ್ದರು. ಪತ್ನಿ ಲಿಯೋಲಾ ಗೃಹಿಣಿ. ಈ ದಂಪತಿಗಳಿಗೆ ಲಿಂಡಾ, ಟೆರಿ, ಶೆರಿಲ್ ಎಂಬ ಮೂವರು ಹೆಣ್ಣುಮಕ್ಕಳು. ಮಿತಭಾಷಿಯೂ ಸಭ್ಯರೂ ಆಗಿದ್ದ ಬ್ರೌನ್ ಅವರಿಗೆ ಸಭೆ ಚಳವಳಿಗಳ ರೂಢಿಯಿರಲಿಲ್ಲ. ದುಡಿಮೆ, ದೇವರು, ಮನೆ ಮಕ್ಕಳು ಇವಿಷ್ಟೇ ಅವರ ಲೋಕವಾಗಿತ್ತು.

ಅವರ ಮನೆಯಿದ್ದದ್ದು ರೈಲು ಹಳಿಗಳ ಸಮೀಪದ ಬಡಾವಣೆಯಲ್ಲಿ. ಹಿರಿಯ ಮಗಳು ಲಿಂಡಾ ಓದುತ್ತಿದ್ದ ಮನ್ರೋ ಶಾಲೆಯು ಮನೆಯಿಂದ ಸುಮಾರು ಒಂದು ಮೈಲಿ ದೂರದಲ್ಲಿತ್ತು. ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ಆ ಹುಡುಗಿ ಮನೆ ಬಿಡಬೇಕು. ಗಾಡಿಗಳು ಹಿಂದೆ ಮುಂದೆ ಚಲಿಸುವ ರೈಲ್ವೆ ಯಾರ್ಡಿನ ಹಳಿಗಳ ಬದಿಯಲ್ಲಿ ನಡೆದು, ವಾಹನಗಳ ಸಂಚಾರ ಮಿಗಿಲಾದ ರಸ್ತೆಯನ್ನು ದಾಟಿ, 8 ಗಂಟೆಯ ಬಸ್ಸಿಗಾಗಿ ಕಾಯಬೇಕು. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆಂಬ ನಂಬಿಕೆಯಿಲ್ಲ. ಮಳೆ ಹಿಮಗಳ ದಿನಗಳಲ್ಲಿ ಆ ಎಳೆಯ ಜೀವ ಚಳಿಗೆ ನಡುಗುತ್ತ ನಿಲ್ಲಬೇಕಾಗುತ್ತಿತ್ತು. ಬಸ್ಸು ಸಕಾಲಕ್ಕೆ ಬಂದರೆ ಎಂಟೂವರೆಗೆಲ್ಲ ಶಾಲೆ ತಲುಪಿ, 9 ಗಂಟೆಗೆ ಬಾಗಿಲು ತೆರೆಯುವವರೆಗೆ ಹೊರಗೆ ಕಾಯಬೇಕು. ಇತ್ತ ಬಿಳಿಯ ಮಕ್ಕಳ ಸಮ್ನರ್ ಶಾಲೆ ಮನೆಯಿಂದ ಏಳು ಅಡ್ಡರಸ್ತೆಗಳಷ್ಟೇ ದೂರ. ಲಿಂಡಾಳ ಜೊತೆಯಲ್ಲಿ ಬೀದಿಯಲ್ಲಿ ಆಡುತ್ತಿದ್ದ ನೆರೆಮನೆಯ ಬಿಳಿಯ ಮಕ್ಕಳು ಆ ಶಾಲೆಗೆ ನಿಶ್ಚಿಂತೆಯಿಂದ ನಡೆದು ಹೋಗುತ್ತಿದ್ದರು. ಸಂಜೆ ಒಟ್ಟಿಗೆ ಆಡಿದವರು ಬೆಳಿಗ್ಗೆ ಏಕೆ ಅಗಲಬೇಕು ಎಂಬುದನ್ನು ಮಗುವಿಗೆ ತಿಳಿಯ ಹೇಳುವುದು ಯಾವ ತಂದೆಗಾದರೂ ಕಷ್ಟದ ಕೆಲಸವೇ ಸರಿ.

ತಾಯಂದಿರ ಪಡೆ

ಈ ಹೋರಾಟವು ಬ್ರೌನ್ ಒಬ್ಬರದೇ ಎಂದು ಭಾವಿಸಿದರೆ ಇತಿಹಾಸಕ್ಕೆ ಅಪಚಾರವಾದೀತು. ಕಪ್ಪು ಜನರ ಹಕ್ಕುಗಳ ರಕ್ಷಣೆಗಾಗಿ 1909ರಲ್ಲಿ ಸ್ಥಾಪಿತವಾದ ಎನ್.ಎ.ಎ.ಸಿ.ಪಿ. ಎಂಬ ರಾಷ್ಟ್ರೀಯ ಸಂಸ್ಥೆಯ ಶಾಖೆಯೊಂದು ಟೊಪೀಕಾದಲ್ಲಿತ್ತು. ಅದರ ಅಧ್ಯಕ್ಷರಾದ ಮೆಕಿನ್ಲಿ ಬರ್ನೆಟ್ ಅವರು ಪ್ರತ್ಯೇಕ ಶಾಲೆಗಳ ಪದ್ಧತಿಯನ್ನು ಕೈಬಿಡಬೇಕೆಂದು ಎರಡು ವರ್ಷಗಳ ಕಾಲ ಶಾಲಾ ಮಂಡಳಿಯ ಸಭೆಗಳಿಗೆ ಹೋಗಿ ವಿನಂತಿಸಿಕೊಂಡರು. ಮನವಿಗಳು ಸಲ್ಲಿಕೆಯಾದವು, ಉತ್ತರ ಬರಲಿಲ್ಲ.

ಶಾಖೆಯ ಕಾರ್ಯದರ್ಶಿನಿ ಲುಸಿಂಡಾ ಟಾಡ್ ಅವರು ಮೊದಲು ಶಿಕ್ಷಕಿಯಾಗಿದ್ದವರು. ವಿವಾಹಿತ ಸ್ತ್ರೀಯರು ಶಿಕ್ಷಕಿಯರಾಗಿರಬಾರದೆಂಬ ಅಂದಿನ ನಿಯಮದಿಂದಾಗಿ ಕೆಲಸ ಬಿಡಬೇಕಾಗಿ ಬಂದಿತ್ತು. ನಗರದ ಪ್ರಾಥಮಿಕ ಶಾಲೆಗಳ ಮಕ್ಕಳ ವಾದ್ಯಮೇಳ ನಡೆಯುವ ಸುದ್ದಿಯನ್ನು ಅವರು ಪತ್ರಿಕೆಯಲ್ಲಿ ಓದಿ ನೋಡಿದರೆ, ಅದರಲ್ಲಿ ಬಿಳಿಯರ 18 ಶಾಲೆಗಳಿದ್ದವೇ ಹೊರತು ಕಪ್ಪು ಮಕ್ಕಳ ನಾಲ್ಕು ಶಾಲೆಗಳಲ್ಲಿ ಒಂದೂ ಇರಲಿಲ್ಲ. ಆ ಶಾಲೆಗಳಲ್ಲಿ ವಾದ್ಯಸಂಗೀತದ ಪಾಠವನ್ನೇ ಏರ್ಪಡಿಸಿರಲಿಲ್ಲ. ಟಾಡ್ ಅವರು ಅಧಿಕಾರಿಗಳನ್ನು ಬೆನ್ನುಹತ್ತಿ ಆ ಪಾಠವನ್ನು ಆರಂಭ ಮಾಡಿಸಿದರು. ಒಂದು ಕೊರತೆಯನ್ನು ತುಂಬಿಸಿಕೊಂಡ ಮಾತ್ರಕ್ಕೆ ಮೂಲ ಅನ್ಯಾಯ ತೀರುವುದಿಲ್ಲವೆಂಬುದನ್ನು ಅವರು ಅರಿತಿದ್ದರು. ಆದುದರಿಂದಲೇ ಮೊಕದ್ದಮೆಗೆ ಹೆಸರು ಕೊಡಲು ಮೊಟ್ಟಮೊದಲು ಮುಂದೆ ಬಂದ ತಾಯಿ ಅವರಾದರು.

ಅವರ ಹಿಂದೆ ಇನ್ನೂ ಹನ್ನೆರಡು ಪಾಲಕರು ಬಂದರು. ಒಟ್ಟು ಹದಿಮೂರು ಮಂದಿ, ಅವರ ಮಕ್ಕಳು ಇಪ್ಪತ್ತು. ಹದಿಮೂವರಲ್ಲಿ ಹನ್ನೆರಡು ಮಂದಿ ತಾಯಂದಿರು. ಏಕಮಾತ್ರ ಪುರುಷರೆಂದರೆ ಆಲಿವರ್ ಬ್ರೌನ್. ಅವರನ್ನು ಕರೆತಂದವರು ಬಾಲ್ಯಸ್ನೇಹಿತರೂ ವಕೀಲರೂ ಆದ ಚಾರ್ಲ್ಸ್ ಸ್ಕಾಟ್. ಕಾರ್ಮಿಕ ಸಂಘದ ಸದಸ್ಯರಾದುದರಿಂದ ಮಾಲೀಕರು ಸುಲಭವಾಗಿ ಕೆಲಸದಿಂದ ತೆಗೆಯಲಾರರೆಂಬ ಧೈರ್ಯವೂ ಇತ್ತು. ವಾದಿಗಳ ಪಟ್ಟಿಯಲ್ಲಿ ಅವರ ಹೆಸರು ಮೊದಲು ಬಂದದ್ದು ಅಕ್ಷರಕ್ರಮದಿಂದಲ್ಲ. ಅದೇ ಅಡ್ಡಹೆಸರಿನ, ಅಕ್ಷರಕ್ರಮದಲ್ಲಿ ಮೊದಲು ಬರಬೇಕಾದ ತಾಯಿಯೊಬ್ಬರು ಪಟ್ಟಿಯಲ್ಲಿದ್ದರು. ಗಂಡಸಿನ ಹೆಸರು ಮುಂದಿದ್ದರೆ ತೂಕ ಹೆಚ್ಚೆಂಬ ಅಂದಿನ ಕಾಲದ ಭಾವನೆಯೇ ಇದಕ್ಕೆ ಕಾರಣವೆಂದು ಹಲವರು ಹೇಳುತ್ತಾರೆ. ಹೀಗೆ ಹನ್ನೆರಡು ತಾಯಂದಿರ ಸಾಹಸವನ್ನೂ ಒಬ್ಬ ತಂದೆಯ ಹೆಸರು ಹೊತ್ತು ನಿಂತಿತು.

1950ರ ಶಾಲಾ ವರ್ಷದ ಆರಂಭದಲ್ಲಿ ಆ ಪಾಲಕರು ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಮನೆಗೆ ಹತ್ತಿರದ ಬಿಳಿಯರ ಶಾಲೆಗಳಿಗೆ ಹೋದರು. ಬ್ರೌನ್ ಅವರು ಲಿಂಡಾಳ ಕೈಹಿಡಿದು ಸಮ್ನರ್ ಶಾಲೆಯ ಮೆಟ್ಟಿಲುಗಳನ್ನೇರಿದರು. ಮಗಳನ್ನು ಹೊರಗೆ ಕುಳ್ಳಿರಿಸಿ, ಒಳಗೆ ಮುಖ್ಯಾಧ್ಯಾಪಕರೊಡನೆ ಮಾತನಾಡಿದರು. ಪ್ರವೇಶ ಸಿಗಲಿಲ್ಲ. ಮರಳಿ ಮನೆಗೆ ನಡೆಯುವಾಗ ತಂದೆಯ ಕೈಯ ಬಿಗಿತದಿಂದಲೇ ಮಗುವಿಗೆ ಅವರ ಮನಸ್ಸಿನ ತಳಮಳ ತಿಳಿಯಿತು. ಇತರ ಪಾಲಕರಿಗೂ ಇದೇ ಉತ್ತರ ದೊರೆಯಿತು.

ನ್ಯಾಯಾಲಯದಲ್ಲಿ

1951ರ ಫೆಬ್ರುವರಿ 28ರಂದು ಟೊಪೀಕಾದ ಕೇಂದ್ರ ನ್ಯಾಯಾಲಯದಲ್ಲಿ ದಾವೆ ದಾಖಲಾಯಿತು. ಜೂನ್ 25 ಮತ್ತು 26ರಂದು ಮೂವರು ನ್ಯಾಯಾಧೀಶರ ಪೀಠದ ಮುಂದೆ ವಿಚಾರಣೆ ನಡೆಯಿತು. ಸ್ಥಳೀಯ ವಕೀಲರ ಜೊತೆಗೆ ನ್ಯೂಯಾರ್ಕಿನಿಂದ ರಾಬರ್ಟ್ ಕಾರ್ಟರ್, ಜ್ಯಾಕ್ ಗ್ರೀನ್‌ಬರ್ಗ್ ಎಂಬ ವಕೀಲರು ಬಂದಿದ್ದರು. ಬ್ರೌನ್ ಅವರು ಸಾಕ್ಷಿಯ ಕಟಕಟೆಯಲ್ಲಿ ನಿಂತು ಮೆಲುದನಿಯಲ್ಲಿ ತಮ್ಮ ಮಗಳ ದಿನಚರಿಯನ್ನು ನಿವೇದಿಸಿದರು. ಅವರ ಸಾಕ್ಷ್ಯದಲ್ಲಿ ಆವೇಶವಿರಲಿಲ್ಲ, ಆರೋಪವಿರಲಿಲ್ಲ. ಎಷ್ಟು ಗಂಟೆಗೆ ಮಗು ಮನೆ ಬಿಡುತ್ತದೆ, ಎಲ್ಲಿ ಕಾಯುತ್ತದೆ, ಯಾವ ಹಳಿಗಳನ್ನು ದಾಟುತ್ತದೆ ಎಂಬ ಸರಳವಾದ ಸಂಗತಿಗಳಷ್ಟೇ ಇದ್ದವು. ಆದರೆ ಸತ್ಯಕ್ಕೆ ಅಲಂಕಾರದ ಅಗತ್ಯವಿಲ್ಲವಷ್ಟೆ.

ಇಲ್ಲಿ ಟೊಪೀಕಾ ಪ್ರಕರಣದ ವೈಶಿಷ್ಟ್ಯವನ್ನು ಗಮನಿಸಬೇಕು. ಮನ್ರೋ ಶಾಲೆ ಮುರುಕು ಗುಡಿಸಲಾಗಿರಲಿಲ್ಲ. ಇಟ್ಟಿಗೆಯ ಭದ್ರವಾದ ಕಟ್ಟಡವಾಗಿತ್ತು. ಅಲ್ಲಿನ ಶಿಕ್ಷಕರು ಒಳ್ಳೆಯ ವಿದ್ಯಾವಂತರು, ಶಿಷ್ಯವತ್ಸಲರು. ಲಿಯೋಲಾ ಬ್ರೌನ್ ಅವರೂ ಅದೇ ಶಾಲೆಯಲ್ಲಿ ಓದಿದವರು. ತಮ್ಮ ಗುರುಗಳ ಬಗ್ಗೆ ಅವರಿಗೆ ಗೌರವವೇ ಇತ್ತು. ಪಾಠಪುಸ್ತಕ, ಪಠ್ಯಕ್ರಮ, ಕಟ್ಟಡ, ಶಿಕ್ಷಕರ ಅರ್ಹತೆ ಇವುಗಳನ್ನೆಲ್ಲ ಅಳೆದು ನೋಡಿದರೆ ಎರಡು ಬಗೆಯ ಶಾಲೆಗಳೂ ಬಹುಮಟ್ಟಿಗೆ ಸಮನಾಗಿಯೇ ಇವೆಯೆಂದು ನ್ಯಾಯಾಲಯವು ಕಂಡುಕೊಂಡಿತು. ಹಾಗಿದ್ದಮೇಲೆ ದೂರು ಏನು ಎಂದು ಯಾರಾದರೂ ಕೇಳಬಹುದು. ಇದೇ ಆ ಪ್ರಕರಣದ ತಿರುಳು. ಕಟ್ಟಡ ಸಮನಾಗಿದ್ದರೂ ಮಗುವನ್ನು ಅದರ ಮೈಬಣ್ಣದ ಕಾರಣದಿಂದಲೇ ಬೇರೆ ಕಡೆಗೆ ಕಳುಹಿಸಿದರೆ, ತಾನು ಇತರರಿಗಿಂತ ಕೀಳೆಂಬ ಭಾವನೆ ಅದರ ಮನಸ್ಸಿನಲ್ಲಿ ಬೇರೂರುತ್ತದೆ. ಆ ಭಾವನೆಯು ಕಲಿಯುವ ಉತ್ಸಾಹವನ್ನೇ ಕುಂದಿಸುತ್ತದೆ. ಮನಶ್ಶಾಸ್ತ್ರಜ್ಞೆ ಲೂಯಿಸಾ ಹೋಲ್ಟ್ ಅವರು ನೀಡಿದ ಈ ಸಾಕ್ಷ್ಯವು ನ್ಯಾಯಾಧೀಶ ವಾಲ್ಟರ್ ಹಕ್ಸ್‌ಮನ್ ಅವರ ಮನಸ್ಸಿಗೆ ನಾಟಿತು.

ಆದರೆ ಅವರ ಕೈಗಳು 1896ರ ತೀರ್ಪಿನಿಂದ ಕಟ್ಟಿಹೋಗಿದ್ದವು. 1951ರ ಆಗಸ್ಟ್ 3ರಂದು ಪೀಠವು ಶಾಲಾ ಮಂಡಳಿಯ ಪರವಾಗಿ ತೀರ್ಪಿತ್ತಿತು. ಆದರೂ ಬೇರ್ಪಡಿಕೆಯಿಂದ ಕಪ್ಪು ಮಕ್ಕಳಿಗೆ ಹಾನಿಯಾಗುತ್ತಿದೆಯೆಂಬ ಅಂಶವನ್ನು ತನ್ನ ನಿರ್ಣಯಗಳಲ್ಲಿ ಸ್ಪಷ್ಟವಾಗಿ ದಾಖಲಿಸಿತು. ಮೇಲ್ಮನವಿಗೆ ಬೇಕಾದ ಬಲವಾದ ಅಸ್ತ್ರವು ಸೋಲಿನ ತೀರ್ಪಿನ ಒಳಗಿನಿಂದಲೇ ಸಿಕ್ಕಂತಾಯಿತು.

ಐದು ಊರುಗಳ ಕೂಗು

ಪ್ರಕರಣವು ವಾಷಿಂಗ್ಟನ್ನಿನ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿದಾಗ ಅಲ್ಲಿ ಇಂಥವೇ ಇನ್ನೂ ನಾಲ್ಕು ಪ್ರಕರಣಗಳು ಸೇರಿಕೊಂಡವು. ದಕ್ಷಿಣ ಕ್ಯಾರೊಲೈನಾದ ಕ್ಲಾರೆಂಡನ್ ಪ್ರಾಂತದ ರೈತಾಪಿ ಪಾಲಕರು ಮೊದಲು ಕೇಳಿದ್ದು ಮಕ್ಕಳಿಗೆ ಒಂದು ಬಸ್ಸನ್ನು ಮಾತ್ರ. ಬಿಳಿಯ ಮಕ್ಕಳಿಗೆ 30 ಬಸ್ಸುಗಳಿದ್ದರೆ ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ. 1949-50ರಲ್ಲಿ ಅಲ್ಲಿ ಪ್ರತಿಯೊಂದು ಬಿಳಿಯ ಮಗುವಿಗೆ 179 ಡಾಲರ್ ವೆಚ್ಚವಾಗುತ್ತಿದ್ದರೆ, ಕಪ್ಪು ಮಗುವಿಗೆ ಕೇವಲ 43 ಡಾಲರ್ ವೆಚ್ಚವಾಗುತ್ತಿತ್ತು. ಅರ್ಜಿಗೆ ಸಹಿ ಮಾಡಿದ ಹ್ಯಾರಿ ಬ್ರಿಗ್ಸ್ ಅವರೂ ಅವರ ಪತ್ನಿಯೂ ತಮ್ಮ ಕೆಲಸಗಳನ್ನು ಕಳೆದುಕೊಂಡರು. ಹೋರಾಟದ ಮುಂಚೂಣಿಯಲ್ಲಿದ್ದ ಪಾದ್ರಿ ಡಿಲೇನ್ ಅವರ ಮನೆ ಬೆಂಕಿಗೆ ಆಹುತಿಯಾಯಿತು.

ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಪ್ರಾಂತದಲ್ಲಿ 180 ಮಕ್ಕಳಿಗಾಗಿ ಕಟ್ಟಿದ ಪ್ರೌಢಶಾಲೆಯಲ್ಲಿ 450ಕ್ಕೂ ಹೆಚ್ಚು ಮಕ್ಕಳನ್ನು ತುಂಬಿ, ಉಳಿದವರಿಗೆ ಡಾಂಬರು ಕಾಗದ ಹೊದೆಸಿದ ಷೆಡ್ಡುಗಳನ್ನು ಹಾಕಿದ್ದರು. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ 16 ವರ್ಷದ ವಿದ್ಯಾರ್ಥಿನಿಯ ನೇತೃತ್ವದಲ್ಲಿ ಮಕ್ಕಳೇ ಮುಷ್ಕರ ಹೂಡಿದರು. ಪಾಲಕರು ಅವರ ಬೆನ್ನಿಗೆ ನಿಂತರು. ಡೆಲವೇರ್ ರಾಜ್ಯದ ಸಾರಾ ಬುಲಾ ಎಂಬ ತಾಯಿಯ ಮನೆಯ ಮುಂದೆಯೇ ಬಿಳಿಯ ಮಕ್ಕಳ ಬಸ್ಸು ಹಾದುಹೋಗುತ್ತಿದ್ದರೂ ಅವರ ಮಗಳಿಗೆ ಅದರಲ್ಲಿ ಸ್ಥಳವಿರಲಿಲ್ಲ. ರಾಜಧಾನಿ ವಾಷಿಂಗ್ಟನ್ನಿನಿಂದ ಐದನೆಯ ಪ್ರಕರಣ ಬಂದಿತು.

ಈ ಸಾಲಿನಲ್ಲಿ ಟೊಪೀಕಾ ಪ್ರಕರಣವನ್ನು ಮುಂದಿರಿಸಿದ್ದರಲ್ಲಿ ಔಚಿತ್ಯವಿತ್ತು. ದಕ್ಷಿಣದ ಪ್ರಕರಣವನ್ನು ಮುಂದಿರಿಸಿದ್ದರೆ ಇದು ಕೇವಲ ದಕ್ಷಿಣದ ರಾಜ್ಯಗಳ ಮೇಲಿನ ಆಪಾದನೆಯೆಂಬ ಭಾವನೆ ಬರಬಹುದಾಗಿತ್ತು. ಅಲ್ಲದೆ, ಕಟ್ಟಡಗಳು ಸಮನಾಗಿದ್ದ ಟೊಪೀಕಾದಲ್ಲಿ ಬೇರ್ಪಡಿಕೆಯ ತಪ್ಪೊಂದೇ ನಿಚ್ಚಳವಾಗಿ ಎದ್ದು ಕಾಣುತ್ತಿತ್ತು.

1952ರ ಡಿಸೆಂಬರಿನಲ್ಲಿ ಮೊದಲ ವಾದ ನಡೆಯಿತು. ಟೊಪೀಕಾ ಪಾಲಕರ ಪರವಾಗಿ ಕಾರ್ಟರ್ ಅವರೂ, ಕ್ಲಾರೆಂಡನ್ ಪಾಲಕರ ಪರವಾಗಿ ಥರ್ಗುಡ್ ಮಾರ್ಷಲ್ ಅವರೂ ವಾದಿಸಿದರು. ಮಾರ್ಷಲ್ ಅವರು ಮುಂದೆ 1967ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಾಧೀಶರಾದುದನ್ನು ಇಲ್ಲಿ ಸ್ಮರಿಸಬಹುದು. ನ್ಯಾಯಾಧೀಶರಲ್ಲಿ ಒಮ್ಮತ ಮೂಡದೆ ಮರುವಾದಕ್ಕೆ ಆದೇಶವಾಯಿತು. ಈ ನಡುವೆ 1953ರ ಸೆಪ್ಟೆಂಬರಿನಲ್ಲಿ ಮುಖ್ಯ ನ್ಯಾಯಾಧೀಶ ವಿನ್ಸನ್ ಅವರು ನಿಧನ ಹೊಂದಿ, ಅರ್ಲ್ ವಾರನ್ ಅವರು ಆ ಪೀಠವನ್ನೇರಿದರು. ದೇಶವನ್ನೇ ಕಲಕುವಂಥ ಈ ವಿಷಯದಲ್ಲಿ ಭಿನ್ನಾಭಿಪ್ರಾಯದ ತೀರ್ಪು ಬರಬಾರದೆಂದು ವಾರನ್ ಅವರು ತಾಳ್ಮೆಯಿಂದ ಸಹೋದ್ಯೋಗಿಗಳ ಮನವೊಲಿಸಿದರು.

ಆ ದಿನಗಳಲ್ಲಿ ಈ ಪ್ರಶ್ನೆಯ ಮೇಲೆ ಏಷ್ಯಾದ ಕಣ್ಣೂ ಇತ್ತೆಂಬುದು ಭಾರತೀಯರಾದ ನಮಗೆ ಗಮನಾರ್ಹ. ಪೀಠದ ಒಬ್ಬ ಸದಸ್ಯರಾದ ವಿಲಿಯಂ ಡಗ್ಲಾಸ್ ಅವರು 1950ರಲ್ಲಿ ಭಾರತ ಪ್ರವಾಸಕ್ಕೆ ಬಂದಿದ್ದಾಗ, ಅಮೆರಿಕದಲ್ಲಿ ಕಪ್ಪು ಜನರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಇಲ್ಲಿ ನೇರವಾದ ಪ್ರಶ್ನೆಗಳನ್ನು ಎದುರಿಸಿದ್ದರು. ವರ್ಣಭೇದದಿಂದ ಹೊರದೇಶಗಳಲ್ಲಿ ರಾಷ್ಟ್ರದ ಗೌರವಕ್ಕೆ ಕುಂದುಂಟಾಗುತ್ತಿದೆಯೆಂದು ಅಮೆರಿಕದ ಸರ್ಕಾರವೇ 1952ರಲ್ಲಿ ಆ ನ್ಯಾಯಾಲಯಕ್ಕೆ ಲಿಖಿತವಾಗಿ ನಿವೇದಿಸಿಕೊಂಡಿತು.

1954ರ ಮೇ 17ರಂದು ತೀರ್ಪು ಹೊರಬಿದ್ದಿತು. ಒಂಬತ್ತು ನ್ಯಾಯಾಧೀಶರೂ ಏಕಾಭಿಪ್ರಾಯದಿಂದ, ಸಾರ್ವಜನಿಕ ಶಿಕ್ಷಣದಲ್ಲಿ ಪ್ರತ್ಯೇಕತೆಗೆ ಸ್ಥಾನವಿಲ್ಲವೆಂದೂ, ಬೇರ್ಪಡಿಸಿದ ಶಾಲೆಗಳು ಸ್ವಭಾವತಃ ಅಸಮಾನವಾದವೆಂದೂ ಸಾರಿದರು. ಲಿಯೋಲಾ ಅವರು ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ರೇಡಿಯೋದಲ್ಲಿ ಈ ವಾರ್ತೆಯನ್ನು ಕೇಳಿದರು. ಸಂಜೆ ಮನೆಗೆ ಬಂದ ಬ್ರೌನ್ ಅವರ ಕಣ್ಣುಗಳು ಆನಂದಬಾಷ್ಪದಿಂದ ತುಂಬಿದವು.

ಗೆಲುವಿನ ನಂತರ

ಲಿಂಡಾ ಮಾತ್ರ ಸಮ್ನರ್ ಶಾಲೆಯಲ್ಲಿ ಎಂದೂ ಕೂರಲಿಲ್ಲ. ತೀರ್ಪಿನ ಫಲ ಕೈಗೆ ಬರುವ ವೇಳೆಗೆ ಅವಳು ಪ್ರಾಥಮಿಕ ಹಂತವನ್ನು ದಾಟಿದ್ದಳು. ತಂದೆ ಬೇಡಿದ್ದು ಮಗಳಿಗಾಗಿ, ದೊರೆತದ್ದು ಲೋಕದ ಮಕ್ಕಳಿಗೆ.

ಆ ದೊರೆತವೂ ನಿಧಾನವಾಗಿಯೇ ದೊರೆಯಿತು. ಟೊಪೀಕಾದ ಮಂಡಳಿಯು ತೀರ್ಪಿಗೆ ಮೊದಲೇ, 1953ರ ಸೆಪ್ಟೆಂಬರಿನಲ್ಲಿ, ಬೇರ್ಪಡಿಕೆಯನ್ನು ಹಂತಹಂತವಾಗಿ ಕೈಬಿಡುವ ನಿರ್ಧಾರ ಕೈಗೊಂಡಿತ್ತು. ದಕ್ಷಿಣದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. 1955ರ ಮೇ 31ರ ಎರಡನೆಯ ಆದೇಶದಲ್ಲಿ ನ್ಯಾಯಾಲಯವು ನಿಶ್ಚಿತ ಗಡುವನ್ನು ವಿಧಿಸದಿದ್ದುದು ವಿರೋಧಿಗಳಿಗೆ ಅನುಕೂಲವಾಯಿತು. 1957ರಲ್ಲಿ ಲಿಟಲ್ ರಾಕ್ ನಗರದಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ಶಾಲೆಯೊಳಗೆ ಕರೆದೊಯ್ಯಲು ಅಧ್ಯಕ್ಷ ಐಸೆನ್‌ಹೋವರ್ ಅವರು ಸೈನ್ಯವನ್ನೇ ಕಳುಹಿಸಬೇಕಾಯಿತು. ಪ್ರಿನ್ಸ್ ಎಡ್ವರ್ಡ್ ಪ್ರಾಂತವಂತೂ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವುದಕ್ಕೆ ಬದಲಾಗಿ 1959ರಿಂದ 1964ರವರೆಗೆ ಐದು ವರ್ಷಗಳ ಕಾಲ ಸಾರ್ವಜನಿಕ ಶಾಲೆಗಳನ್ನೆಲ್ಲ ಮುಚ್ಚಿಬಿಟ್ಟಿತು.

ಅಧ್ಯಾಪಕ ಬಂಧುಗಳು ತಿಳಿಯಬೇಕಾದ ಇನ್ನೊಂದು ನೋವಿನ ಸಂಗತಿಯುಂಟು. ಶಾಲೆಗಳು ಒಂದಾದಾಗ ಮಕ್ಕಳನ್ನು ಸೇರಿಸಿಕೊಂಡವರು ಅವರ ಶಿಕ್ಷಕರನ್ನು ಸೇರಿಸಿಕೊಳ್ಳಲಿಲ್ಲ. ತೀರ್ಪಿಗೆ ಒಂದು ವರ್ಷ ಮುಂಚೆಯೇ, 1953ರ ಮಾರ್ಚಿನಲ್ಲಿ, ಟೊಪೀಕಾದ ಕೆಲವು ಕಪ್ಪು ಶಿಕ್ಷಕರಿಗೆ ಮುಂದಿನ ವರ್ಷ ಕೆಲಸ ಖಚಿತವಿಲ್ಲವೆಂಬ ಪತ್ರಗಳು ಹೋದವು. ಮುಂದಿನ ದಶಕದಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಸಾವಿರಾರು ಕಪ್ಪು ಶಿಕ್ಷಕರೂ ಮುಖ್ಯಾಧ್ಯಾಪಕರೂ ಕೆಲಸ ಕಳೆದುಕೊಂಡರು. ಮಕ್ಕಳಿಗೆ ದೊರೆತ ನ್ಯಾಯದ ಬೆಲೆಯನ್ನು ಅವರನ್ನು ಅಕ್ಕರೆಯಿಂದ ಓದಿಸಿದ ಗುರುಗಳು ತೆತ್ತರು. ಬಾಗಿಲನ್ನು ತೆರೆಸುವುದು ನ್ಯಾಯದ ಅರ್ಧ. ಒಳಗೆ ಬಂದವರನ್ನು ಗೌರವದಿಂದ ಕೂರಿಸುವುದು ಉಳಿದರ್ಧ. ಟೊಪೀಕಾದ ಇತಿಹಾಸ ಈ ಎರಡನ್ನೂ ತಿಳಿಸುತ್ತದೆ.

ಬ್ರೌನ್ ಅವರು ಕೀರ್ತಿಯ ಬೆನ್ನು ಹತ್ತಲಿಲ್ಲ. ಸೇಂಟ್ ಮಾರ್ಕ್ ಚರ್ಚಿನ ಪಾದ್ರಿಯಾಗಿ ತಮ್ಮ ಪಾಡಿಗೆ ಸೇವೆಯಲ್ಲಿ ತೊಡಗಿದರು. 1959ರಲ್ಲಿ ಮಿಸ್ಸೂರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದ ಚರ್ಚಿಗೆ ವರ್ಗವಾಗಿ ಸಂಸಾರಸಮೇತ ಅಲ್ಲಿ ನೆಲೆಸಿದರು. 1961ರಲ್ಲಿ, ತಮ್ಮ 42ನೆಯ ವಯಸ್ಸಿನಲ್ಲಿ, ಅಕಾಲ ಮರಣಕ್ಕೆ ಗುರಿಯಾದರು. ತಮ್ಮ ಹೆಸರಿನ ಮೊಕದ್ದಮೆ ಎಷ್ಟು ದೂರ ನಡೆಯಲಿದೆಯೆಂಬುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಅವರ ಕಾರ್ಯವನ್ನು ಮಕ್ಕಳು ಮುಂದುವರಿಸಿದರು. ತಾನೇ ತಾಯಿಯಾದ ಲಿಂಡಾ, ಟೊಪೀಕಾದ ಶಾಲೆಗಳಲ್ಲಿ ಬೇರ್ಪಡಿಕೆ ಇನ್ನೂ ಅಳಿದಿಲ್ಲವೆಂದು ಕಂಡು, 1979ರಲ್ಲಿ ಇತರ ಪಾಲಕರೊಡನೆ ಸೇರಿ ಆ ಹಳೆಯ ಪ್ರಕರಣವನ್ನೇ ಮತ್ತೆ ತೆರೆಸಿದರು. ಅದು ಪೂರ್ಣವಾಗಿ ಮುಕ್ತಾಯಗೊಂಡದ್ದು 1999ರಲ್ಲಿ. ಕಿರಿಯ ಮಗಳು ಶೆರಿಲ್ ತಂದೆಯ ಸ್ಮರಣಾರ್ಥವಾಗಿ 1988ರಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸುವಲ್ಲಿ ಶ್ರಮಿಸಿದರು. ಮನ್ರೋ ಶಾಲೆಯ ಕಟ್ಟಡವು 1992ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾಗಿ, ತೀರ್ಪಿನ ಐವತ್ತನೆಯ ವರ್ಷವಾದ 2004ರ ಮೇ 17ರಂದು ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ಲಿಂಡಾ ಅವರು 2018ರಲ್ಲಿ ನಿಧನ ಹೊಂದಿದರು.

ನಮ್ಮ ನೆಲದ ನೆನಪು

ದೂರದೇಶದ ಈ ಕಥೆಯನ್ನು ಓದುವಾಗ ಕನ್ನಡ ನೆಲದ ಒಂದು ಘಟನೆ ನೆನಪಾಗದೆ ಇರದು. ಬ್ರೌನ್ ಪ್ರಕರಣಕ್ಕೆ ಸುಮಾರು ಒಂದು ಶತಮಾನ ಮುಂಚೆ, 1856ರಲ್ಲಿ, ಮಹಾರ್ ಸಮುದಾಯದ ಬಾಲಕನೊಬ್ಬನು ಧಾರವಾಡದ ಸರ್ಕಾರಿ ಶಾಲೆಯಲ್ಲಿ ಪ್ರವೇಶ ಬೇಡಿದನು. ಶುಲ್ಕ ಕೊಡಲು ಸಿದ್ಧನಿದ್ದರೂ ಅವನಿಗೆ ಪ್ರವೇಶ ದೊರೆಯಲಿಲ್ಲ. ಅವನ ಅರ್ಜಿಯನ್ನು ಮುಂಬಯಿ ಸರ್ಕಾರವೂ ಮನ್ನಿಸಲಿಲ್ಲ. ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲರೂ ಶಾಲೆ ಬಿಟ್ಟಾರೆಂಬುದು ಅದರ ಅಂಜಿಕೆಯಾಗಿತ್ತು. ವಿಷಯವು ಲಂಡನ್ನಿನವರೆಗೂ ಹೋಗಿ, ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ತ್ವವನ್ನು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1858ರಲ್ಲಿ ಒಪ್ಪಿಕೊಂಡರು. ತತ್ತ್ವವು ಆಚರಣೆಗೆ ಬರಲು ತಲೆಮಾರುಗಳೇ ಹಿಡಿದವು. ಆ ಬಾಲಕನ ಹೆಸರು ಲೋಕದ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಅವನು ಕೇಳಿದ ಪ್ರಶ್ನೆಯೂ ಟೊಪೀಕಾದ ತಂದೆ ಕೇಳಿದ ಪ್ರಶ್ನೆಯೂ ಒಂದೇ ಆಗಿತ್ತು.

ಆಲಿವರ್ ಬ್ರೌನ್ ಅವರ ಬಾಳು ವಿದ್ಯಾಸಂಸ್ಥೆಗಳನ್ನು ನಡೆಸುವವರಿಗೂ, ಅವುಗಳಲ್ಲಿ ಓದಿ ಮುಂದೆ ಬಂದವರಿಗೂ, ಅವುಗಳಿಗೆ ಉದಾರವಾಗಿ ಧನಸಹಾಯ ನೀಡುವವರಿಗೂ ಒಂದು ಪಾಠವನ್ನು ಹೇಳುತ್ತದೆ. ಗೋಡೆ, ಸೂರು, ಪುಸ್ತಕ, ಪೀಠೋಪಕರಣಗಳು ಶಾಲೆಗೆ ಅವಶ್ಯವೇ ಹೌದು. ಅವುಗಳನ್ನು ಒದಗಿಸುವ ಕೈಗಳು ಧನ್ಯ. ಆದರೆ ಶಾಲೆಯ ಯೋಗ್ಯತೆಯನ್ನು ಅಳೆಯುವ ಕಡೆಯ ಅಳತೆಗೋಲು ಅದರ ಬಾಗಿಲಿನಲ್ಲಿದೆ. ಯಾವ ಮಗು ಅಲ್ಲಿ ನಿಂತು ಹಿಂದಿರುಗಿ ಹೋಯಿತು, ಒಳಗೆ ಬಂದ ಯಾವ ಮಗು ತಾನು ಇತರರಿಗಿಂತ ಕಡಿಮೆಯೆಂಬ ಭಾವನೆಯಿಂದ ಕಡೆಯ ಸಾಲಿನಲ್ಲಿ ಕುಳಿತಿತು ಎಂಬುದನ್ನು ಕೇಳುವವರು ಬೇಕು. ಪಾಲಕರು ಆ ಪ್ರಶ್ನೆಯನ್ನು ವಿನಯದಿಂದಲೂ ಬಿಡದ ಹಟದಿಂದಲೂ ಕೇಳಿದಾಗ ಅದನ್ನು ದೂರೆಂದು ಬಗೆಯದೆ, ಸಂಸ್ಥೆಗೆ ಮಾಡಿದ ಉಪಕಾರವೆಂದು ತಿಳಿಯುವುದು ವಿವೇಕ. ಮೆಲುದನಿಯ ಒಬ್ಬ ಕಾರ್ಮಿಕನೂ ಹನ್ನೆರಡು ಮಂದಿ ತಾಯಂದಿರೂ ಅದನ್ನು ಕೇಳಿ ಒಂದು ರಾಷ್ಟ್ರದ ದಾರಿಯನ್ನು ತಿದ್ದಿದರು. ಅವರ ನೆನಪು ನಮ್ಮೆಲ್ಲರ ಶಾಲೆಗಳ ಬಾಗಿಲುಗಳನ್ನು ಸದಾ ತೆರೆದಿಡಲಿ.